ಬುಸುಗುಡುವ ತಂತಿ

ದಡದಡ ಬಾಗಿಲು ಬಡಿದ ಸದ್ದು.

ಕಿರಿಸೊಸೆ ಬೆಚ್ಚಿ ಎದ್ದಳು. ಬಡಿಸಿದ ತಟ್ಟೆಗಳು ಮೇಜಿನ ಮೇಲೆ ಆರಿ ಕೂತಿದ್ದವು. ಆ ರಾತ್ರಿ ಆ ಮನೆಯಲ್ಲಿ ಯಾರೂ ತುತ್ತೆತ್ತಿರಲಿಲ್ಲ. ಮತ್ತೆ ಬಡಿತ. ಬೆರಳ ಗೆಣ್ಣಿನದಲ್ಲ, ಮುಷ್ಟಿಯದು.

ಅಗುಳಿ ಸರಿಸಿದಳು. ಹೊಸ್ತಿಲಾಚೆ ಬೂದು ಬಣ್ಣದ ಕೋಟು ತೊಟ್ಟ ಹೆಂಗಸು. ಕೈಯಲ್ಲಿ ಟಾರ್ಚು. ಮುಖದಲ್ಲಿ ನಗುವಿಲ್ಲ, ನಮಸ್ಕಾರವೂ ಇಲ್ಲ.

"ಫೋನ್ ಎಲ್ಲಿದೆ?"

"ಯಾರು ನೀವು?"

"ಫೋನ್ ಎಲ್ಲಿದೆ ಅಂದೆ."

ಉತ್ತರಕ್ಕೂ ಕಾಯದೆ ಆಕೆ ಒಳಗೆ ನಡೆದಳು. ನಡುಮನೆಯ ಗೋಡೆ ಗಡಿಯಾರದ ಕೆಳಗೆ, ಎತ್ತರದ ಸ್ಟೂಲಿನ ಮೇಲೆ, ಕಪ್ಪು ಟೆಲಿಫೋನು. ರಿಸೀವರ್ ಎತ್ತಿ ಕಿವಿಗಿಟ್ಟಳು. ನಂಬರು ಒತ್ತಲಿಲ್ಲ. ಮಾತಾಡಲಿಲ್ಲ. ಸುಮ್ಮನೆ ಕೇಳಿದಳು. ಪಕ್ಕದಲ್ಲಿ ನಿಂತ ಕಿರಿಸೊಸೆಗೂ ಆ ಸದ್ದು ಕೇಳಿಸುತ್ತಿತ್ತು: ಕಾದ ಕಾವಲಿಗೆ ನೀರು ಚಿಮುಕಿಸಿದಂಥ ಬುಸುಬುಸು.

ಮಹಡಿಯಿಂದ ಒಂದು ಕೂಗು ಉರುಳಿ ಬಂತು.

"ಯಾರು ಫೋನ್ ಎತ್ತಿದ್ದು? ನೆಟ್ ಹೋಯ್ತು!" ಮರುಕ್ಷಣ ಅದೇ ದನಿ ಬೆಣ್ಣೆಯಾಯಿತು. "ಮಾವನವ್ರಾ? ಇರಲಿ, ಇರಲಿ, ಮಾತಾಡಿ."

ಆಕೆ ರಿಸೀವರ್ ಇಟ್ಟಳು.

"ನಾನು ವಿಮೆ ಕಂಪನಿಯ ತನಿಖಾಧಿಕಾರಿ. ಕಳೆದುಹೋಗಿರೋ ಗಡಿಯಾರಕ್ಕೆ ವಿಮೆ ನಮ್ಮದು. ಮನೇಲಿರೋರನ್ನೆಲ್ಲ ಇಲ್ಲಿಗೆ ಕರೀರಿ."

ಕಿರಿಸೊಸೆ ಕರೆಯಲು ಹೊರಟಳು. ಬೆಳಗಿನಿಂದ ಮನೆಯವರ ಕಣ್ಣುಗಳು ಚುಚ್ಚಿದ್ದು ಸಾಲದೆ, ಈಗ ಹೊರಗಿನ ಕಣ್ಣು ಬೇರೆ.

ಕಳೆದದ್ದು ಒಂದು ಜೇಬುಗಡಿಯಾರ. ಗುಂಡಿ ಒತ್ತಿದರೆ ಕತ್ತಲಲ್ಲೂ ಸಣ್ಣ ದನಿಯಲ್ಲಿ ಗಂಟೆ ಬಾರಿಸಿ ವೇಳೆ ಹೇಳುವ ಹಳೆಯ ಕಾಲದ್ದು. ವಸ್ತುಸಂಗ್ರಹಾಲಯದವರು ಅದನ್ನು ಮೂಕವಾದ ಸ್ಥಿತಿಯಲ್ಲಿ ತಂದು ಮಾವನ ಕೈಗಿತ್ತಿದ್ದರು. ಮನೆಯ ಮುಂಗೋಣೆಯೇ ಮಾವನ ಗಡಿಯಾರದ ಅಂಗಡಿ. ಅಲ್ಲಿ ಕಿಟಕಿಯ ಬಳಿಯ ಮೇಜಿಗೆ ಬಾಗಿ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ತಿಂಗಳುಗಟ್ಟಲೆ ದುಡಿದು ಅದಕ್ಕೆ ಬಾಯಿ ಬರಿಸಿದ್ದರು. ಪಕ್ಕದ ಮೇಜು ಕಿರಿಸೊಸೆಯದು. ಗಂಡ ಹಡಗಿನ ಕೆಲಸದಲ್ಲಿ ದೂರ. ಮಾವ ತಮ್ಮ ವಿದ್ಯೆ ಕಲಿಸಿದ್ದು ಅವಳೊಬ್ಬಳಿಗೇ. ಅದೇ ಮನೆಯವರ ಕಣ್ಣುರಿಗೆ ಮೂಲ.

ಮಾವನದೊಂದು ವಿಚಿತ್ರ ಪದ್ಧತಿ ಇತ್ತು. ಬೆಲೆಬಾಳುವ ಕೆಲಸ ಕೈಯಲ್ಲಿದ್ದರೆ ಸಂಜೆಗೆ ಅದನ್ನು ಅಂಗಡಿಯಲ್ಲಿ ಬಿಡುತ್ತಿರಲಿಲ್ಲ. ದಿನಕ್ಕೊಂದು ಕಡೆ ಬಚ್ಚಿಡುತ್ತಿದ್ದರು. ಆದರೆ ಇತ್ತೀಚೆಗೆ ಇಟ್ಟ ಜಾಗ ಬೆಳಗಾಗುವುದರೊಳಗೆ ಮನಸ್ಸಿನಿಂದ ಜಾರುತ್ತಿತ್ತು. ಅದಕ್ಕೊಂದು ಉಪಾಯ: ಗೋಡೆ ಗಡಿಯಾರ ಏಳು ಹೊಡೆದೊಡನೆ ಊರಿನ ಇನ್ನೊಂದು ತುದಿಯಲ್ಲಿರುವ ಅಕ್ಕನಿಗೆ ಫೋನು. ಇಂಥ ಕಡೆ ಇಟ್ಟಿದ್ದೇನೆ, ನೆನಪಿಟ್ಟುಕೋ. ಬೆಳಿಗ್ಗೆ ಅಕ್ಕ ಫೋನು ಮಾಡಿ ಹೇಳುವಳು. ಅಕ್ಕನ ತಲೆಯೇ ತಮ್ಮನ ತಿಜೋರಿ.

ನಿನ್ನೆ ಬಚ್ಚಿಟ್ಟದ್ದು ಮೆಟ್ಟಿಲ ಕೆಳಗಿನ ಹೊಲಿಗೆ ಯಂತ್ರದ ಪೆಟ್ಟಿಗೆಯಲ್ಲಿ. ಬೆಳಿಗ್ಗೆ ಅಕ್ಕ ಹಾಗೆಯೇ ಹೇಳಿದಳು. ಪೆಟ್ಟಿಗೆ ತೆರೆದರೆ ನೂಲಿನ ಉಂಡೆಗಳು, ಕತ್ತರಿ, ಬಟ್ಟೆ ಚೂರು. ಗಡಿಯಾರ ಮಾತ್ರ ಮಾಯ. ಆ ಹೊಲಿಗೆ ಯಂತ್ರ ಮುಟ್ಟುವವಳು ಮನೆಯಲ್ಲಿ ಒಬ್ಬಳೇ, ಕಿರಿಸೊಸೆ.

ದೊಡ್ಡ ಮಗ ಆಗಲೇ ತೀರ್ಪು ಕೊಟ್ಟುಬಿಟ್ಟಿದ್ದ: "ಎರಡರಲ್ಲಿ ಒಂದು. ನೀನು ಕದ್ದಿದ್ದೀಯ, ಇಲ್ಲಾ ಅಪ್ಪನಿಗೆ ಅರಳುಮರಳು. ಕದ್ದೆ ಅಂತ ಒಪ್ಪಿಕೊಂಡ್ರೆ ನೀನು ಹೊರಗೆ. ಇಲ್ಲ ಅಂದ್ರೆ ಅಪ್ಪ ಆರೈಕೆ ಮನೆಗೆ. ನಾಳೆ ಬೆಳಿಗ್ಗೆ ಗಾಡಿ ಬರುತ್ತೆ. ಯೋಚನೆ ಮಾಡು."

ಯೋಚಿಸಿ ಯೋಚಿಸಿ ಅವಳ ತಲೆ ಕಾದ ಹಂಚಾಗಿತ್ತು. ಆ ಮೇಜಿನಿಂದ ಎಬ್ಬಿಸಿದರೆ ಮಾವ ಎಷ್ಟು ದಿನ ಬದುಕಿಯಾರು?

ಎಲ್ಲರೂ ನಡುಮನೆಗೆ ಬಂದರು. ಮಾವ ಅಂಗಡಿಯ ಬಾಗಿಲ ಬಳಿ ಮೋಟು ಸ್ಟೂಲಿನ ಮೇಲೆ ಕೂತರು. ಅವರ ಕಾಲಿಗೆ ತಾಗಿಕೊಂಡೇ ಹಗ್ಗ ಬಿಗಿದ ಬಟ್ಟೆಯ ಪೆಟ್ಟಿಗೆಯೊಂದಿತ್ತು.

ತನಿಖಾಧಿಕಾರಿ ಪೆಟ್ಟಿಗೆಯ ಮೇಲೆ ಟಾರ್ಚು ಹಾಯಿಸಿದಳು. "ಇದು ಯಾರದು?"

"ಮಾವನವರದ್ದು," ಎಂದಳು ಹಿರಿಸೊಸೆ. "ನಾನೇ ತುಂಬಿಟ್ಟೆ. ಬೇರೆ ಯಾರೂ ಕೈ ಹಚ್ಚಲಿಲ್ಲ ನೋಡಿ."

"ಹೋಗೋರನ್ನ ಕೇಳಿದ್ರಾ?"

"ಕೇಳಿದ್ರೆ ತಿಳಿಯೋ ಸ್ಥಿತಿಲಿ ಇದ್ದಾರಾ ಅವರು?"

"ಇಲ್ಲೇ ಕೂತಿದ್ದೀನಮ್ಮ," ಎಂದರು ಮಾವ. "ಬಟ್ಟೆ ಪೆಟ್ಟಿಗೆಗೆ ಹೋಗಿದೆ. ಕಿವಿ ಇನ್ನೂ ಹೋಗಿಲ್ಲ."

ದೊಡ್ಡ ಮಗ ಕೆರಳಿದ. "ನೋಡಿ ಮೇಡಂ, ಇದು ಮನೆ ವಿಷಯ. ನಿಮ್ಮನ್ನ ಯಾರು ಕರೆಸಿದ್ದು?"

"ನಿಮ್ಮ ಸೋದರತ್ತೆ. ವಸ್ತುಸಂಗ್ರಹಾಲಯಕ್ಕೆ ಫೋನ್ ಮಾಡಿದ್ರು, ಅವರು ನಮಗೆ ಮಾಡಿದ್ರು."

"ಕಡ್ಡಿ ಗೀರೋದು ದೊಡ್ಡತ್ತೆಗೆ ಹೊಸದಲ್ಲ."

"ಕಡ್ಡಿಗೆ ಹತ್ತಿಕೊಳ್ಳೋಕೆ ಒಣ ಹುಲ್ಲೂ ಇರಬೇಕಲ್ಲ?" ಎನ್ನುತ್ತಲೇ ಆಕೆ ಮತ್ತೆ ಫೋನಿನತ್ತ ತಿರುಗಿದಳು. ಮನೆಯಿದ್ದ ಓಣಿ ಗುಡ್ಡದ ಬುಡಕ್ಕೆ ಅಂಟಿಕೊಂಡಿದ್ದರಿಂದ ಮೊಬೈಲಿಗೆ ಸಿಗ್ನಲ್ಲೇ ಸಿಗುತ್ತಿರಲಿಲ್ಲ. ಬೇಕಾದವರು ರಸ್ತೆಯ ತಿರುವಿನ ತನಕ ನಡೆಯಬೇಕಿತ್ತು. ಮನೆಗೆ ಉಳಿದದ್ದು ಆ ಒಂದು ತಂತಿ. ಮಾತಿಗೂ ಅದೇ, ಇಂಟರ್ನೆಟ್ಟಿಗೂ ಅದೇ.

ಅತ್ತ ಕಡೆ ರಿಂಗಾಯಿತು. ದೊಡ್ಡತ್ತೆಯ ದನಿ ಬುಸುಬುಸುವನ್ನು ಸೀಳಿಕೊಂಡು ಹೊರಗೆ ನಿಂತವರಿಗೂ ಕೇಳುವಷ್ಟು ಜೋರಾಗಿ ಬಂತು.

"ಯಾರು? ಗಟ್ಟಿಯಾಗಿ ಹೇಳ್ರೀ! ಹಾವಿನ ಬುಟ್ಟಿಯೊಳಗಿಂದ ಮಾತಾಡಿದ ಹಾಗಿದೆ!"

"ನಿನ್ನೆ ಸಂಜೆ ನಿಮ್ಮ ತಮ್ಮ ಏನು ಹೇಳಿದ್ರು?" ತನಿಖಾಧಿಕಾರಿ ಗಂಟಲು ಹರಿಯುವಂತೆ ಕೂಗಿದಳು.

"ಎಷ್ಟು ಸಲ ಹೇಳೋದು? ಹೊಲಿಗೆ ಯಂತ್ರದ ಪೆಟ್ಟಿಗೆ ಅಂದ. ನಮ್ಮ ಕಿರಿಸೊಸೆಯ ಹೊಲಿಗೆ ಯಂತ್ರದಲ್ಲಿಟ್ಟಿದ್ದೀನಿ, ನಾಳೆ ಒಂದು ದಿನ ನೆನಪಿಟ್ಕೋ ಅಕ್ಕ ಅಂತ ಗುಟ್ಟಾಗಿ ಪಿಸುಗುಟ್ಟಿದ. ಒಂದೇ ಸಲಕ್ಕೆ ತಿಳೀತು. ಅವನ ಮಾತಿನ ಹಿಂದೆ ಆ ಗೋಡೆ ಗಡಿಯಾರದ ಟಿಕ್ ಟಿಕ್ ಸಹ ಕೇಳಿಸ್ತಿತ್ತು. ನನ್ನ ಕಿವಿಗೇನಾಗಿದೆ ಧಾಡಿ? ತಲೆ ಕೆಟ್ಟಿರೋದು ನನ್ನ ತಮ್ಮನಿಗಲ್ಲ, ಅವನ ಮಗನಿಗೆ. ಅಲ್ಲೇ ನಿಂತಿದ್ದಾನಲ್ಲ? ಅವನಿಗೆ ಹೇಳಿ!"

"ಕೇಳಿಸಿಕೊಂಡ್ರು," ಎಂದು ಆಕೆ ರಿಸೀವರ್ ಇಟ್ಟಳು.

ದೊಡ್ಡ ಮಗನ ಮುಖ ಕೆಂಡವಾಗಿತ್ತು. "ಅಪ್ಪ ಹೇಳಿರಬಹುದು. ಹೇಳಿದ ಜಾಗದಲ್ಲೇ ಇಟ್ಟರು ಅಂತ ಏನು ಖಾತ್ರಿ? ಉಪ್ಪು ಅಂತ ಸಕ್ಕರೆ ಡಬ್ಬಿಗೆ ಕೈ ಹಾಕೋ ವಯಸ್ಸು."

"ಇಟ್ಟಿದ್ದೆ," ಎಂದರು ಮಾವ. ಮತ್ತೆ, ತುಸು ತಗ್ಗಿದ ದನಿಯಲ್ಲಿ, "ಇಟ್ಟಿದ್ದೆ ಅನ್ಸುತ್ತೆ."

ಆ 'ಅನ್ಸುತ್ತೆ' ಮಾವನ ಬಾಯಲ್ಲಿ ಕಿರಿಸೊಸೆ ಕೇಳಿದ್ದು ಇದೇ ಮೊದಲು. ಒಂದೇ ಹಗಲಿನಲ್ಲಿ ಅವರ ಮೇಲಿನ ನಂಬಿಕೆಯನ್ನು ಅವರಿಂದಲೇ ಕಿತ್ತುಕೊಂಡಿದ್ದರು ಇವರೆಲ್ಲ.

"ಇಟ್ಟಿದ್ದರು ಅಂತಲೇ ತಿಳಿಯೋಣ," ಎಂದಳು ತನಿಖಾಧಿಕಾರಿ. "ಜಾಗ ಇನ್ನಾರಿಗೆ ಗೊತ್ತಾಗಬಹುದು?"

"ಯಾರಿಗೆ ಗೊತ್ತಾಗಲ್ಲ ಹೇಳಿ?" ಹಿರಿಸೊಸೆ ಕೈ ತಿರುವಿದಳು. "ಗುಟ್ಟಂತೆ ಗುಟ್ಟು! ದಿನಾ ಸಂಜೆ ಓಣಿಯೆಲ್ಲ ಕೇಳೋ ಹಾಗೆ ಅರಚ್ತಾರೆ."

"ನಿನ್ನೆ ಕೇಳಿಸಿತಾ ನಿಮಗೆ?"

"ನಾನು ಮೇಲೆ ನನ್ನ ಕೋಣೇಲಿ ಇಸ್ತ್ರಿ ಮಾಡ್ತಿದ್ದೆ. ಗಮನ ಕೊಡಲಿಲ್ಲ."

"ಕರೆಂಟು ಹೋಗಿರಲಿಲ್ಲ ಅಂದ ಹಾಗಾಯ್ತು."

"ಕರೆಂಟಿಲ್ಲದೆ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬೋಕೆ ನಾನೇನು ನನ್ನಜ್ಜಿನಾ?"

"ನೀವು?" ಪ್ರಶ್ನೆ ದೊಡ್ಡ ಮಗನತ್ತ ತಿರುಗಿತು.

"ಕ್ಷೌರದ ಅಂಗಡೀಲಿ. ಅರ್ಧ ತಲೆ ಕತ್ತರಿಸಿದ ಮೇಲೆ ಎದ್ದು ಬರೋಕಾಗಲ್ಲ. ಬೇಕಾದ್ರೆ ಕ್ಷೌರಿಕನ್ನ ಕೇಳಿ."

"ನೀವು?"

"ಅಂಗಡೀಲಿ," ಎಂದಳು ಕಿರಿಸೊಸೆ. "ಮೇಜು ಒರೆಸಿ ಸಾಮಾನು ಜೋಡಿಸ್ತಿದ್ದೆ. ಬಾಗಿಲು ತೆಗೆದೇ ಇತ್ತು. ಮಾವ ಫೋನ್ ಮಾಡ್ತಿದ್ದದ್ದು ಕಾಣಿಸ್ತಿತ್ತು. ಮಾತು ಕೇಳಿಸಲಿಲ್ಲ."

ಹಿರಿಸೊಸೆ ನಕ್ಕಳು. ಚಪ್ಪಾಳೆ ತಟ್ಟಿದಂಥ ನಗು. "ಕೇಳಿದ್ರಾ ಮೇಡಂ? ಓಣಿಗೆ ಕೇಳಿಸೋದು ಪಕ್ಕದ ಕೋಣೆಗೆ ಕೇಳಿಸಲಿಲ್ಲವಂತೆ! ಹೊಲಿಗೆ ಯಂತ್ರ ಇವಳದ್ದು, ಫೋನಿನ ಪಕ್ಕ ನಿಂತಿದ್ದೋಳು ಇವಳು, ಗಡಿಯಾರದ ಬೆಲೆ ಗೊತ್ತಿರೋಳೂ ಇವಳೇ. ಇನ್ನೇನು ಬೇಕು?"

"ಅತ್ತಿಗೆ, ಹಾಗೆಲ್ಲ ಅನ್ನಬೇಡಿ." ಮೆಟ್ಟಿಲ ಕಂಬಕ್ಕೆ ಒರಗಿ ನಿಂತಿದ್ದ ಅಳಿಯ ಕೆಳಗೆ ಬಂದ ಮೇಲೆ ಮೊದಲ ಸಲ ಬಾಯಿ ತೆರೆದ. ಮಾವನ ಮಗಳು ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿಗೆ ಹೋಗಿದ್ದಳು. ಅವಳ ಗಂಡ ಇವನು. ಮಹಡಿಯಲ್ಲಿ ಕೂತು ಕಂಪ್ಯೂಟರಿನ ಮೂಲಕ ಮಕ್ಕಳಿಗೆ ಗಣಿತ ಪಾಠ ಹೇಳುತ್ತಿದ್ದ. ಆ ಮನೆಯಲ್ಲಿ ಯಾರೊಡನೆಯೂ ಜಗಳಕ್ಕೆ ನಿಲ್ಲದ ಏಕೈಕ ಮನುಷ್ಯ. "ಕೆಲಸದಲ್ಲಿ ಮುಳುಗಿದ್ರೆ ಪಕ್ಕದಲ್ಲಿ ಸಿಡಿಲು ಬಿದ್ರೂ ಗೊತ್ತಾಗಲ್ಲ ಪಾಪ. ಮಾವನವರು ಮರೆತಿದ್ದಾರೆ, ಅಷ್ಟೇ. ವಯಸ್ಸು. ಕಳ್ಳತನದ ಮಾತು ಯಾಕೆ?"

ಕಿರಿಸೊಸೆ ಕೃತಜ್ಞತೆಯಿಂದ ನೋಡಿದಳು. "ಅಣ್ಣ, ನೀವಾದ್ರೂ..."

"ನೀವು ಎಲ್ಲಿದ್ರಿ?" ತನಿಖಾಧಿಕಾರಿ ಅವಳ ಮಾತು ಕತ್ತರಿಸಿದಳು.

"ಮೇಲೆ. ಏಳರ ಪಾಠ. ಮಾವನವರು ಫೋನ್ ಎತ್ತಿದ್ದು ನನಗೆ ಗೊತ್ತಾಗೇ ಗೊತ್ತಾಗುತ್ತೆ. ನೆಟ್ ಕಡಿಯುತ್ತೆ, ಬರುತ್ತೆ, ಮತ್ತೆ ಕಡಿಯುತ್ತೆ. ನಿನ್ನೆನೂ ಎಂದಿನ ಗೋಳೇ. ಹೇಗೋ ಎಳೆದಾಡಿ ಮುಗಿಸಿದೆ."

"ಮೊದಲಿಂದಲೂ ಹೀಗೇನಾ?"

"ಎಲ್ಲಿಯದು!" ದೊಡ್ಡ ಮಗ ನಡುವೆ ಬಾಯಿ ಹಾಕಿದ. "ನೆಟ್ ಹಾಕಿದವರು ಫೋನಿಗೆ ಒಂದು ಬಿಳಿ ಡಬ್ಬಿ ಸಿಕ್ಕಿಸಿ ಹೋಗಿದ್ರು. ಚೆನ್ನಾಗೇ ಇತ್ತು. ಹೋದ ತಿಂಗಳು ಅಪ್ಪ ಅದನ್ನ ಕಿತ್ತು ಹಾಕಿದ್ರು. ಹೇಳಿದ್ರೆ ಕೇಳ್ತಾರಾ?"

"ಯಾಕೆ ಕಿತ್ತಿರಿ ಯಜಮಾನರೇ?"

ಮಾವನ ಕಣ್ಣಿನಲ್ಲಿ ಹಳೆಯ ಹಟ ಮಿಂಚಿತು. "ಎರಡು ಚಕ್ರದ ನಡುವೆ ಕೆಲಸವಿಲ್ಲದ ಮೂರನೇ ಚಕ್ರ ಇಟ್ರೆ ಬಲ ಸೋರಿ ಹೋಗುತ್ತೆ. ನನ್ನ ಅಕ್ಕನ ದನಿಗೂ ನನ್ನ ಕಿವಿಗೂ ಮಧ್ಯ ಆ ಡಬ್ಬಿ ಯಾಕೆ? ದನಿ ಸಣ್ಣಗಾಯ್ತು ಅನ್ನಿಸ್ತು. ಕಿತ್ತೆ."

"ಕಿತ್ತ ಮೇಲೆ ಬುಸುಬುಸು ಶುರುವಾಯ್ತು."

"ಅದು ನೆಟ್ಟಿನ ತಪ್ಪು. ನನ್ನ ತಪ್ಪಲ್ಲ."

"ಎಷ್ಟು ಮಕ್ಕಳು ಪಾಠ ಬಿಟ್ಟು ಹೋದ್ರು ಗೊತ್ತಾ ಅಪ್ಪ?" ದೊಡ್ಡ ಮಗ ಗುಡುಗಿದ. "ಅರ್ಧಕ್ಕರ್ಧ! ಅಳಿಯ ಆದ್ರಿಂದ ಸುಮ್ಮನಿದ್ದಾರೆ. ನಾನಾಗಿದ್ರೆ ಆ ಫೋನನ್ನ ಬಾವಿಗೆ ಎಸೀತಿದ್ದೆ."

"ಹೋಗಲಿ ಬಿಡಿ," ಎಂದ ಅಳಿಯ. "ಹಿರಿಯರ ಮೇಲೆ ಸಿಟ್ಟು ಮಾಡ್ಕೊಂಡು ಎಲ್ಲಿಗೆ ಹೋಗೋಣ?"

ತನಿಖಾಧಿಕಾರಿ ಕಿರಿಸೊಸೆಯತ್ತ ಬೆರಳು ಬಾಗಿಸಿದಳು. "ಮಹಡಿ ತೋರಿಸಿ."

ಮೆಟ್ಟಿಲು ಏರಿದರೆ ಉದ್ದನೆಯ ಓಣಿಯಂಥ ಪಡಸಾಲೆ. ಎಡಕ್ಕೆ ಭಾವ-ಓರಗಿತ್ತಿಯ ಕೋಣೆ, ಬಲಕ್ಕೆ ಅಳಿಯನದು. ನಡುವಿನ ಗೋಡೆಯ ಗೂಡಿನಲ್ಲಿ ಇಂಟರ್ನೆಟ್ಟಿನ ಮೋಡೆಮ್ ಕಣ್ಣು ಮಿಟುಕಿಸುತ್ತಿತ್ತು. ಅದರ ತೆಳು ತಂತಿ ಕೆಳಗಿಳಿದು ಗೋಡೆಯ ಟೆಲಿಫೋನ್ ಸಾಕೆಟ್ಟಿಗೆ ಸೇರಿತ್ತು.

"ಮೇಲೆ ಇನ್ನೊಂದು ಸಾಕೆಟ್ ಇದೆಯಾ?"

"ಇದೊಂದೇ. ಮೊದಲು ಇಲ್ಲಿ ಇನ್ನೊಂದು ಫೋನ್ ಇತ್ತು. ನೆಟ್ ಬಂದ ಮೇಲೆ ಸಾಕೆಟ್ ಅದಕ್ಕೆ ಬೇಕಾಯ್ತು. ಫೋನನ್ನ ಅಟ್ಟಕ್ಕೆ ಹಾಕಿದ್ವಿ."

"ಅಟ್ಟ?"

ಪಡಸಾಲೆಯ ತುದಿಯಲ್ಲಿ ಸಣ್ಣ ಏಣಿ. ತನಿಖಾಧಿಕಾರಿ ಕೋಟಿನ ಅಂಚನ್ನು ಸಿಕ್ಕಿಸಿಕೊಂಡು ಹತ್ತಿದಳು. ಟಾರ್ಚಿನ ಬೆಳಕು ಒಡೆದ ಕುರ್ಚಿ, ಸುರುಳಿ ಸುತ್ತಿದ ಹಾಸಿಗೆ, ಹಿತ್ತಾಳೆ ಹಂಡೆಗಳ ಮೇಲೆ ಹರಿದಾಡಿತು. ಎಲ್ಲದರ ಮೇಲೂ ಬೆರಳು ಹುಗಿಯುವಷ್ಟು ಧೂಳು. ಮೂಲೆಯಲ್ಲಿ ಕೆಂಪು ಟೆಲಿಫೋನು. ಅದು ಮಾತ್ರ ಅಂಗಡಿಯಿಂದ ಈಗ ತಂದಂತೆ ಫಳಫಳ.

"ಇದನ್ನ ಯಾರು ಒರೆಸಿದ್ರು?"

"ಯಾರೂ ಒರೆಸಿಲ್ಲ. ವರ್ಷದಿಂದ ಯಾರೂ ಹತ್ತಿಲ್ಲ ಇಲ್ಲಿಗೆ." ಕಿರಿಸೊಸೆಯ ದನಿಯಲ್ಲಿ ಅಳುಕು. "ಯಾಕೆ?"

ಆಕೆ ಫೋನನ್ನು ಕಂಕುಳಲ್ಲಿ ಇರುಕಿಕೊಂಡು ಇಳಿದಳು.

ಕೆಳಗೆ ಬರುವಷ್ಟರಲ್ಲಿ ದೊಡ್ಡ ಮಗನ ತಾಳ್ಮೆ ಕಟ್ಟೆಯೊಡೆದಿತ್ತು. ಮಾವನ ಮುಂದೆ ನಿಂತು ಬೆರಳಾಡಿಸುತ್ತಿದ್ದ. "ಬೇರೆ ಎಲ್ಲಾದ್ರೂ ಇಟ್ಟಿದ್ದೀರಾ? ನೆನಪು ಮಾಡ್ಕೊಳ್ಳಿ! ಬಚ್ಚಲಲ್ಲಾ? ಕಸದ ಬುಟ್ಟೀಲಾ? ನಾಳೆ ವಸ್ತುಸಂಗ್ರಹಾಲಯದವರು ಬಂದ್ರೆ ನಮ್ಮ ಮಾನ ಏನಾಗುತ್ತೆ? ಇಲ್ಲ, ಇನ್ನು ಇದು ಸಾಕು. ನಾಳೆ ಗಾಡಿ ಹತ್ತಿ. ಅಂಗಡಿಗೆ ಬೀಗ ಹಾಕ್ತೀನಿ."

ಮಾವನ ಕೈಗಳು ತೊಡೆಯ ಮೇಲೆ, ಇಲ್ಲದ ತಿರುಪೊಂದನ್ನು ತಿರುಗಿಸುವಂತೆ, ಸುಮ್ಮನೆ ಆಡುತ್ತಿದ್ದವು.

ಕಿರಿಸೊಸೆಗೆ ಅದನ್ನು ನೋಡಲಾಗಲಿಲ್ಲ.

"ನಾನೇ ತಗೊಂಡೆ," ಎಂದಳು.

"ಏನಂದೆ?" ದೊಡ್ಡ ಮಗ ಗರಕ್ಕನೆ ತಿರುಗಿದ.

"ನಾನೇ ಕದ್ದೆ, ಭಾವ. ಮಾವ ಹೇಳಿದ ಕಡೆಯೇ ಇಟ್ಟಿದ್ದರು. ಅವರ ತಲೆ ಸರಿಯಾಗಿದೆ. ನನ್ನನ್ನ ಹೊರಗೆ ಹಾಕಿ, ಗಾಡಿಗೆ ಬೇಡ ಅನ್ನಿ."

"ನಾನು ಅಂದಿರಲಿಲ್ವಾ!" ಹಿರಿಸೊಸೆ ಕುಣಿದಳು. "ಹಾಲು ಕುಡಿಯೋ ಬೆಕ್ಕಿನ ಹಾಗೆ ಕಣ್ಣು ಮುಚ್ಕೊಂಡು ಕೂತಿದ್ಲು!"

"ಸುಳ್ಳು!" ಮಾವ ಸ್ಟೂಲಿನಿಂದ ಎದ್ದೇಬಿಟ್ಟರು. "ಏಯ್ ಹುಡುಗಿ, ಯಾರಿಗೋಸ್ಕರ ಈ ನಾಟಕ? ನನಗೋಸ್ಕರನಾ? ನನ್ನ ಮರ್ಯಾದೆಗೆ ನಿನ್ನ ಮರ್ಯಾದೆ ಸುಟ್ಟು ಎಣ್ಣೆ ಹುಯ್ಯಬೇಡ!"

ಅಳಿಯ ನಿಟ್ಟುಸಿರಿಟ್ಟ. "ಒಪ್ಪಿಕೊಂಡಳಲ್ಲ. ಕ್ಷಮಿಸಿಬಿಡಿ. ಇಲ್ಲಿಗೇ ಮುಗಿಸೋಣ."

"ಮುಗಿಸೋಣ," ಎಂದಳು ತನಿಖಾಧಿಕಾರಿ. ಕಿರಿಸೊಸೆಯ ಎದುರಿಗೆ ಬಂದು ನಿಂತಳು. "ಗಡಿಯಾರ ಎಲ್ಲಿ?"

"ಬಿಸಾಡಿದೆ."

"ಅದಕ್ಕೆ ಬಾಯಿ ಬರಿಸೋಕೆ ತಿಂಗಳುಗಟ್ಟಲೆ ಮಾವನ ಪಕ್ಕ ಕೂತವರು ಬಿಸಾಡಿದ್ರಾ? ಸುಳ್ಳು ಹೇಳೋಕೂ ಒಂದು ಕಲಿಕೆ ಬೇಕು. ನಿಮಗೆ ಬರಲ್ಲ. ಈ ಮನೇಲಿ ಅದು ಚೆನ್ನಾಗಿ ಬರೋವ್ರು ಬೇರೆ ಇದ್ದಾರೆ."

ಆಕೆ ಕಂಕುಳಲ್ಲಿದ್ದ ಕೆಂಪು ಫೋನನ್ನು ಮೇಜಿನ ಮೇಲೆ, ಆರಿದ ತಟ್ಟೆಗಳ ನಡುವೆ, ಟಪ್ಪೆಂದು ಇಟ್ಟಳು.

"ನೀವೆಲ್ಲ ಬೆಳಗಿನಿಂದ ಜಾಗದ ಬಗ್ಗೆ ಜಗಳ ಆಡಿದ್ರಿ. ದನಿಯ ಬಗ್ಗೆ ಯಾರೂ ಯೋಚನೆ ಮಾಡಲಿಲ್ಲ. ಯಜಮಾನರೇ, ದಿನಾ ಫೋನಲ್ಲಿ ಯಾಕೆ ಕೂಗ್ತೀರಿ?"

"ಬುಸುಬುಸುವಿಗೆ. ಕೂಗದಿದ್ರೆ ಅಕ್ಕನಿಗೆ ಕೇಳಿಸಲ್ಲ."

"ನಿನ್ನೆ?"

ಮಾವ ಹುಬ್ಬು ಗಂಟಿಕ್ಕಿದರು. "ನಿನ್ನೆ... ನಿನ್ನೆ ಕೂಗಲಿಲ್ಲ. ಗುಟ್ಟಿನ ಮಾತು, ಮೆಲ್ಲಗೆ ಹೇಳಿದೆ."

"ಮೆಲ್ಲಗೆ ಹೇಳಿದ್ದು ಊರಿನ ಆ ತುದಿಗೆ ಒಂದೇ ಸಲಕ್ಕೆ ಕೇಳಿಸಿತು. ಗೋಡೆ ಗಡಿಯಾರದ ಟಿಕ್ ಟಿಕ್ ಸಮೇತ. ನನಗೆ ನಿಮ್ಮಕ್ಕ ಮಧ್ಯಾಹ್ನವೇ ಇದನ್ನ ಹೇಳಿದ್ರು. ಅದೇ ಅಕ್ಕ ತಿಂಗಳಿಂದ ಈ ಮನೆ ಫೋನ್ ಹಾವಿನ ಬುಟ್ಟಿ ಅಂತ ಬೈದ್ರು. ಎರಡೂ ನಿಜ ಆಗೋದು ಹೇಗೆ? ಅದಕ್ಕೇ ಬಂದವಳೇ ಮೊದಲು ರಿಸೀವರ್ ಎತ್ತಿದ್ದು."

ಆಕೆ ಕಿರಿಸೊಸೆಯತ್ತ ಕೈ ತೋರಿಸಿದಳು.

"ಪಕ್ಕದ ಕೋಣೇಲಿದ್ದ ಇವರಿಗೆ ಮಾತು ಕೇಳಿಸದೇ ಇದ್ದದ್ದು ಸುಳ್ಳಲ್ಲ. ಪಿಸುಮಾತು ಕೇಳಿಸಲ್ಲ. ಹಾಗಾದ್ರೆ ಕದ್ದು ಕೇಳಿದ್ದು ಗಾಳಿಯಲ್ಲಲ್ಲ, ತಂತಿಯ ಮೇಲೆ."

"ತಂತಿಯ ಮೇಲೆ?" ದೊಡ್ಡ ಮಗ ತೊದಲಿದ.

"ಈ ಮನೆಗೆ ಬರೋದು ಒಂದೇ ಜೋಡಿ ತಾಮ್ರದ ತಂತಿ. ಮಾತು ಅದರಲ್ಲಿ ಕೆಳಗಿನ ಶ್ರುತಿಯಲ್ಲಿ ಹೋಗುತ್ತೆ. ಇಂಟರ್ನೆಟ್ಟು ಕಿವಿಗೆ ನಿಲುಕದಷ್ಟು ಮೇಲಿನ ಶ್ರುತಿಯಲ್ಲಿ. ಒಂದೇ ಹೊತ್ತಿಗೆ ಎರಡೂ ಹೋಗಬಹುದು. ಆದರೆ ಫೋನಿನ ಬಾಗಿಲಲ್ಲಿ ಒಬ್ಬ ಕಾವಲುಗಾರ ಬೇಕು. ಆ ಬಿಳಿ ಡಬ್ಬಿ, ಫಿಲ್ಟರ್, ಅದೇ ಕಾವಲು. ಕಿತ್ತುಬಿಟ್ಟರೆ ಒಂದು ಇನ್ನೊಂದರ ಮೇಲೆ ಏರಿ ಬರುತ್ತೆ. ಫೋನಲ್ಲಿ ಬುಸುಬುಸು, ನೆಟ್ಟಿನಲ್ಲಿ ಕಡಿತ. ಕಡಿದಾಗಲೂ ಮೋಡೆಮ್ ಸುಮ್ಮನಿರಲ್ಲ. ಮತ್ತೆ ಸೇರೋಕೆ ತಂತಿ ಮೇಲೆ ಕೂಗ್ತಾನೇ ಇರುತ್ತೆ. ಡಬ್ಬಿ ಈಗಲೂ ಇಲ್ಲ, ನಿನ್ನೆಯೂ ಇರಲಿಲ್ಲ. ಕರೆಂಟು ಹೋಗಿ ಮೋಡೆಮ್ ಆರಿರಲೂ ಇಲ್ಲ. ಹಾಗಿದ್ದೂ ನಿನ್ನೆ ತಂತಿ ಶುದ್ಧವಾಗಿತ್ತು. ಯಾಕೆ?"

ಪ್ರಶ್ನೆ ಕಿರಿಸೊಸೆಯ ಮುಂದೆ ನಿಂತಿತು. ಗಡಿಯಾರ ಬಿಚ್ಚಿ ಬಿಚ್ಚಿ ಪಳಗಿದ ಬುದ್ಧಿ ತಾನಾಗಿಯೇ ಚಲಿಸಿತು. ಸದ್ದು ನಿಲ್ಲಬೇಕಾದರೆ ಸದ್ದು ಮಾಡುವ ಭಾಗವನ್ನೇ ಕಳಚಿರಬೇಕು.

"ಮೋಡೆಮ್ ತಂತಿಗೆ ಸಿಕ್ಕಿಸಿರಲಿಲ್ಲ," ಎಂದಳು. ಮರುಗಳಿಗೆ ಕಣ್ಣು ಕೆಂಪು ಫೋನಿನತ್ತ ಹಾರಿತು. "ಮೇಲೆ ಸಾಕೆಟ್ ಒಂದೇ! ಇದನ್ನ ಸಿಕ್ಕಿಸಬೇಕಾದ್ರೆ ಮೋಡೆಮ್ ಕೀಳಲೇಬೇಕು!"

"ಅಷ್ಟೇ. ಕೆಳಗೆ ಬಂದು ನಿಂತರೆ ನಿಮ್ಮ ಕಣ್ಣಿಗೆ ಬೀಳ್ತಾರೆ. ಮೇಲಿಂದ ಕೇಳಿದ್ರೆ ಕೂಗು ಮಾತ್ರ, ಮಾತು ಒಡೆಯಲ್ಲ. ಏಳಕ್ಕೆ ಮುಂಚೆ ಅಟ್ಟದಿಂದ ಫೋನ್ ಇಳೀತು, ಧೂಳು ಒರೆಸಲಾಯ್ತು, ಮೋಡೆಮ್ಮಿನ ತಂತಿ ಕಿತ್ತು ಇದರ ತಂತಿ ಸಿಕ್ಕಿಸಲಾಯ್ತು. ಕದ್ದು ಕೇಳೋರಿಗೆ ಮಾತು ಸ್ಪಷ್ಟವಾಗಿ ಸಿಕ್ಕಿದ್ರೆ ಖುಷಿ. ಯಾಕೆ ಸ್ಪಷ್ಟ ಅಂತ ಕೇಳಿಕೊಳ್ಳಲ್ಲ. ರಾತ್ರಿ ಎಲ್ಲ ಮಲಗಿದ ಮೇಲೆ ಹೊಲಿಗೆ ಯಂತ್ರದ ಪೆಟ್ಟಿಗೆ ಖಾಲಿ."

ದೊಡ್ಡ ಮಗ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. "ಮೇಲೆ ನೀನಿದ್ದೆ."

"ಏನಂದ್ರಿ?" ಹಿರಿಸೊಸೆ ಹೆಡೆಯೆತ್ತಿದಳು. "ಕಟ್ಕೊಂಡ ಹೆಂಡ್ತೀನೇ ಕಳ್ಳಿ ಅಂತೀರಾ? ನಿಮ್ಮ ಮೂರು ಅಂಗಿ ಇಸ್ತ್ರಿ ಮಾಡಿದ್ದಕ್ಕೆ ಇದಾ ಬಹುಮಾನ? ನಾಳೆಯಿಂದ ಸುಕ್ಕು ಬಟ್ಟೆ ಹಾಕ್ಕೊಂಡು ಓಡಾಡಿ!"

"ಪೆಟ್ಟಿಗೆ ಕಟ್ಟೋ ಆತುರ ನಿನಗೇ ಇತ್ತು!"

"ಕಟ್ಟು ಅಂದೋರು ಯಾರು? ನಿಮ್ಮಪ್ಪನ್ನ ಕಳಿಸೋ ಮಾತು ನನ್ನ ಬಾಯಿಂದ ಬಂತಾ?"

"ಸಾಕು!" ತನಿಖಾಧಿಕಾರಿಯ ದನಿ ಇಬ್ಬರನ್ನೂ ಕತ್ತರಿಸಿತು. "ಇವರಿಗೆ ನಾಲಿಗೆ ಉದ್ದ, ಕೈ ಅಲ್ಲ. ಇವರು ಮೋಡೆಮ್ ಕಿತ್ತಿದ್ರೆ ಮಹಡಿಯಿಂದ ಆ ಕ್ಷಣವೇ ಒಂದು ಕೂಗು ಏಳ್ತಿತ್ತು. ಇವತ್ತು ನಾನು ರಿಸೀವರ್ ಎತ್ತಿದ್ದಕ್ಕೇ ಎದ್ದಿತಲ್ಲ! ನಿನ್ನೆ ಆ ಹೊತ್ತೆಲ್ಲ ನೆಟ್ಟು ಸತ್ತು ಬಿದ್ದಿತ್ತು. ಆದ್ರೂ ಕೂಗಿಲ್ಲ. ಅದರ ಬದಲು ನನಗೆ ಸಿಕ್ಕಿದ್ದು ಏನು? ಎಂದಿನ ಗೋಳೇ, ಕಡಿದು ಕಡಿದು ಬಂತು ಅನ್ನೋ ಸಾಕ್ಷಿ. ಒಳ್ಳೆ ಸುಳ್ಳು. ಬೇರೆ ಯಾವ ದಿನ ಹೇಳಿದ್ರೂ ನಿಜ ಆಗ್ತಿತ್ತು."

ಆ ಸಾಕ್ಷಿ ಹೇಳಿದವನನ್ನೇ ಕಿರಿಸೊಸೆ ಅಣ್ಣ ಎಂದು ಕರೆದಿದ್ದಳು. ಮೆಟ್ಟಿಲ ಕಂಬದತ್ತ ನೋಡುವ ಧೈರ್ಯ ಬರಲಿಲ್ಲ.

"ಗಡಿಯಾರ ಮಾರೋಕೆ ಕದ್ದದ್ದಲ್ಲ," ಆಕೆ ಮುಂದುವರಿಸಿದಳು. "ಮನೆ ಬಿಟ್ಟು ಹೊರಗೆ ಹೋಗಿರಲ್ಲ. ಬೇಕಾಗಿದ್ದದ್ದು ಯಜಮಾನರಿಗೆ ಅರಳುಮರಳು ಅನ್ನೋ ಮಾತು. ದಿನಾ ಸಂಜೆ ಒಂದು ಫೋನು ತನ್ನ ಅನ್ನಕ್ಕೆ ಮಣ್ಣು ಹಾಕ್ತಿದೆ. ಫೋನ್ ಮಾಡೋವ್ರನ್ನೇ ಗಾಡಿ ಹತ್ತಿಸಿದ್ರೆ ತಂತಿ ಪೂರ್ತಿ ತನ್ನದು. ಬಾಯಲ್ಲಿ ಬೆಣ್ಣೆ, ಬಗಲಲ್ಲಿ ದೊಣ್ಣೆ. ಯಜಮಾನರೇ, ಕೂತುಕೊಳ್ಳಿ. ನೀವು ಇಟ್ಟಿದ್ದೂ ಹೇಳಿದ್ದೂ ಒಂದೇ ಜಾಗ. ನಿಮ್ಮ ನೆನಪು ನಿನ್ನೆ ನಿಮಗೆ ಮೋಸ ಮಾಡಲಿಲ್ಲ, ಮನೆಯವರು ಮಾಡಿದ್ರು."

ಮಾವ ಕೂರಲಿಲ್ಲ. ಬಗ್ಗಿ ಪೆಟ್ಟಿಗೆಯ ಹಗ್ಗ ಬಿಚ್ಚತೊಡಗಿದರು. ಗಂಟು ಬಿಗಿಯಾಗಿತ್ತು, ಆದರೆ ಆ ಬೆರಳುಗಳು ಅದಕ್ಕಿಂತ ಸಣ್ಣ ಗಂಟುಗಳನ್ನು ಬಿಡಿಸಿದ್ದವು. ದೊಡ್ಡ ಮಗ ನೆರವಿಗೆ ಕೈ ಚಾಚಿದ. ಮಾವ ಅದನ್ನು ಸರಿಸಿದರು.

ಮೇಲೆ ಹೋಗುವ ಮೊದಲ ಮೆಟ್ಟಿಲು ಕಿರ್ರೆಂದಿತು. ತನಿಖಾಧಿಕಾರಿ ಹಿಂತಿರುಗಿಯೂ ನೋಡದೆ, ಕಪ್ಪು ಫೋನಿನ ರಿಸೀವರ್ ಎತ್ತಿ ಚಾಚಿದಳು.

"ನಿನ್ನೆ ಏಳು ಗಂಟೆಗೆ ಪಾಠ ಕೇಳಿದ ಒಂದೇ ಒಂದು ಮಗುವಿನ ಮನೆ ನಂಬರ್ ಒತ್ತಿ ತೋರಿಸಿ. ಒತ್ತೋಕಾಗಲ್ವಾ?"

ರಿಸೀವರಿನೊಳಗೆ ಬುಸುಬುಸು. ಮೆಟ್ಟಿಲ ಮೇಲಿದ್ದ ಕಾಲು ಹಿಂದಕ್ಕಿಳಿಯಿತು.

"ಹಾಗಾದ್ರೆ ಅಳಿಯಂದಿರೇ, ಗಡಿಯಾರ ಕೊಡಿ."